ಮಳೆಗಾಲದಲ್ಲಿ ಬಾಚಣಿಗೆ ಯಾಕೆ ಕೈಕೊಡುತ್ತದೆ? ವಿದ್ಯುತ್ ಚಾರ್ಜಿನ ಲೆಕ್ಕಾಚಾರ

ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣಗಿದ ತಲೆಕೂದಲನ್ನು ನಾಲ್ಕು ಸಲ ಬಾಚಿ, ಪೇಪರ್ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುತ್ತವೆ. ಶಾಲೆಯಲ್ಲಿ ಎಲ್ಲರೂ ಮಾಡಿದ ಪ್ರಯೋಗವೇ. ಡಿಸೆಂಬರಿನಲ್ಲಿ ಶಿರಸಿಯಲ್ಲಿ ಮಾಡಿ ನೋಡಿ, ಮೊದಲ ಸಲಕ್ಕೇ ಆಗುತ್ತದೆ. ಅದೇ ಬಾಚಣಿಗೆ, ಅದೇ ಪೇಪರ್ ಹಿಡಿದುಕೊಂಡು ಜುಲೈನಲ್ಲಿ ಕಾರವಾರಕ್ಕೆ ಬನ್ನಿ. ಎಷ್ಟು ಬಾಚಿದರೂ ಕೂದಲು ಉದುರೀತೇ ಹೊರತು ಪೇಪರ್ ಚೂರು ಅಲ್ಲಾಡುವುದು ಕಷ್ಟ.

‘ಮಳೆಗಾಲ ಅಲ್ವಾ, ತೇವ’ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ತೇವ ಮಾಡುವುದಾದರೂ ಏನು? ಬಾಚಿದ್ದಂತೂ ಹೌದು, ಚಾರ್ಜ್ ಬಂದಿರಲೇಬೇಕು. ಬಂದದ್ದು ಹೋಯಿತೆಲ್ಲಿಗೆ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ವಿದ್ಯುತ್ ಚಾರ್ಜಿನ ಮುಖ್ಯ ನಿಯಮಗಳೆಲ್ಲ ದಾರಿಯಲ್ಲೇ ಸಿಗುತ್ತವೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ವಿದ್ಯುದಾವೇಶ ಎನ್ನುತ್ತಾರೆ. ಇಲ್ಲಿ ಸುಮ್ನೆ ಚಾರ್ಜ್ ಎಂದೇ ಬರೆಯುತ್ತೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ತಿಕ್ಕಿದಾಗ ಚಾರ್ಜ್ ಹುಟ್ಟುವುದಿಲ್ಲ. ಮೊದಲೇ ಇದ್ದದ್ದು ಜಾಗ ಬದಲಿಸುತ್ತದೆ, ಅಷ್ಟೇ. ಬಾಚಣಿಗೆಯಿಂದ ಸಿಡಿಲಿನವರೆಗೆ ಎಲ್ಲ ಕಡೆಯೂ ನಡೆಯುವುದು ಇಷ್ಟೇ ವ್ಯವಹಾರ: ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವುದು, ಆಮೇಲೆ ಅದು ವಾಪಸ್ ಹೋಗಲು ಒದ್ದಾಡುವುದು.

ಜಾಗ ಬದಲಿಸುವುದು ಯಾವುದು ಎಂದು ತಿಳಿಯಲು ಪರಮಾಣುವಿನೊಳಗೆ ಹೋಗಬೇಕು. ಪರಮಾಣುವಿನ ನಡುವೆ ನ್ಯೂಕ್ಲಿಯಸ್. ಅದರಲ್ಲಿ ಧನ ಚಾರ್ಜಿನ ಪ್ರೋಟಾನ್‌ಗಳೂ ಚಾರ್ಜೇ ಇಲ್ಲದ ನ್ಯೂಟ್ರಾನ್‌ಗಳೂ ಇರುತ್ತವೆ. ಸುತ್ತ ಋಣ ಚಾರ್ಜಿನ ಎಲೆಕ್ಟ್ರಾನ್‌ಗಳು. ಒಂದು ಪ್ರೋಟಾನಿನ ಧನವೂ ಒಂದು ಎಲೆಕ್ಟ್ರಾನಿನ ಋಣವೂ ಪ್ರಮಾಣದಲ್ಲಿ ಸರಿಸಮ. ಎರಡೂ ಒಂದೇ ಸಂಖ್ಯೆಯಲ್ಲಿದ್ದರೆ ಲೆಕ್ಕ ಸೊನ್ನೆ. ನಮ್ಮ ಸುತ್ತಲಿನ ಮೇಜು, ಮರ, ಮೀನು, ಮನುಷ್ಯ ಎಲ್ಲರದ್ದೂ ಹೆಚ್ಚುಕಡಿಮೆ ಸೊನ್ನೆಯ ಲೆಕ್ಕವೇ. ಚಾರ್ಜ್ ಇಲ್ಲವೆಂದಲ್ಲ. ಬೇಕಾದಷ್ಟಿದೆ, ಆದರೆ ಸಮನಾಗಿದೆ.

ಪ್ರೋಟಾನ್ ಎಲೆಕ್ಟ್ರಾನಿಗಿಂತ 1,836 ಪಟ್ಟು ಭಾರ. ಮೇಲಾಗಿ ನ್ಯೂಕ್ಲಿಯಸ್ಸಿನೊಳಗೆ ಭದ್ರವಾಗಿ ಕೂತಿದೆ. ತಿಕ್ಕುವುದು, ಉಜ್ಜುವುದು ಇವಕ್ಕೆಲ್ಲ ಅದು ಜಗ್ಗುವುದಿಲ್ಲ. ಹೊರಗಿನ ಎಲೆಕ್ಟ್ರಾನ್ ಹಗುರ, ಹಿಡಿತವೂ ಸಡಿಲ. ಹಾಗಾಗಿ ಗಟ್ಟಿ ವಸ್ತುಗಳಲ್ಲಿ ಊರು ಬಿಟ್ಟು ಹೋಗುವುದು ಸಾಮಾನ್ಯವಾಗಿ ಎಲೆಕ್ಟ್ರಾನೇ. ಎಲೆಕ್ಟ್ರಾನ್ ಜಾಸ್ತಿಯಾದ ವಸ್ತು ಋಣ, ಕಡಿಮೆಯಾದದ್ದು ಧನ.

ಇದು ಗೊತ್ತಾಗುವ ಮೊದಲೇ ಚಾರ್ಜಿನಲ್ಲಿ ಎರಡು ಜಾತಿ ಇದೆ ಎಂಬುದು ತಿಳಿದಿತ್ತು. ಫ್ರಾನ್ಸಿನ ಡುಫೆ 1733ರಲ್ಲಿ ಗಾಜನ್ನು ತಿಕ್ಕಿದಾಗ ಬರುವುದೇ ಬೇರೆ, ರಾಳವನ್ನು ತಿಕ್ಕಿದಾಗ ಬರುವುದೇ ಬೇರೆ ಎಂದು ಕಂಡುಕೊಂಡ. ಒಂದೇ ಜಾತಿಯವು ದೂರ ತಳ್ಳುತ್ತವೆ, ಬೇರೆ ಜಾತಿಯವು ಸೆಳೆಯುತ್ತವೆ. ಅದಾಗಿ ಹತ್ತಿಪ್ಪತ್ತು ವರ್ಷದೊಳಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಚಾರ್ಜಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಎಂದು ಹೆಸರಿಟ್ಟ. ಯಾವುದು ಹರಿಯುತ್ತದೆ ಎಂದು ನೋಡುವ ಉಪಾಯ ಆಗ ಇರಲಿಲ್ಲ. ಒಂದು ಅಂದಾಜಿನ ಮೇಲೆ ಇಟ್ಟ ಹೆಸರು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆ ಹಚ್ಚಿದಾಗ ತಂತಿಯಲ್ಲಿ ಓಡಾಡುವ ಕಣ ಮೈನಸ್ ಎಂದಾಯಿತು. ಅಷ್ಟರಲ್ಲಿ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಇವತ್ತಿಗೂ ಚಿತ್ರದಲ್ಲಿ ಕರೆಂಟಿನ ಬಾಣ ಪ್ಲಸ್ಸಿನಿಂದ ಮೈನಸ್ಸಿಗೆ, ಎಲೆಕ್ಟ್ರಾನ್ ಓಡುವುದು ಮೈನಸ್ಸಿನಿಂದ ಪ್ಲಸ್ಸಿಗೆ. ಪಿಯುಸಿ ಮಕ್ಕಳು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಲೆಕ್ಕಕ್ಕೆ ಅದರಿಂದ ತೊಂದರೆಯೇನಿಲ್ಲ.

ಈಗ ಬಾಚಣಿಗೆಗೆ ಬರೋಣ. ಎರಡು ಬೇರೆ ಬೇರೆ ವಸ್ತು ತಾಗಿದಾಗ ಯಾವುದಕ್ಕೆ ಎಲೆಕ್ಟ್ರಾನಿನ ಮೇಲೆ ಆಸೆ ಜಾಸ್ತಿಯೋ ಅದು ಒಂದಿಷ್ಟನ್ನು ಎಳೆದುಕೊಳ್ಳುತ್ತದೆ. ಕೂದಲು, ಉಣ್ಣೆ, ಗಾಜು ಇವು ಬೇಗ ಬಿಟ್ಟುಕೊಡುವ ಪೈಕಿ. ಪಾಲಿಸ್ಟರ್, ಪಿವಿಸಿ, ಟೆಫ್ಲಾನ್ ಇವು ಕಿತ್ತುಕೊಳ್ಳುವ ಪೈಕಿ. ಹತ್ತಿ ನಡುವೆ ಎಲ್ಲೋ ಇದೆ. ಅದಕ್ಕೇ ಹತ್ತಿ ಸೀರೆ ತೆಪ್ಪಗಿರುತ್ತದೆ, ಪಾಲಿಸ್ಟರ್ ಸೀರೆ ಚಳಿಗಾಲದಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ನಿಜವಾಗಿ ನೋಡಿದರೆ ಬೇಕಾದದ್ದು ತಾಗುವುದು ಮಾತ್ರ. ತಿಕ್ಕುವುದರಿಂದ ಹೆಚ್ಚು ಜಾಗ ತಾಗುತ್ತದೆ, ಮತ್ತೆ ಮತ್ತೆ ತಾಗುತ್ತದೆ.

ಬಾಚಣಿಗೆಗೆ ಬಂದ ಚಾರ್ಜ್ ಎಷ್ಟಿರಬಹುದು? ಚಾರ್ಜಿನ ಅಳತೆ ಕೂಲಂಬ್. ಬಾಚಣಿಗೆಯ ಮೇಲೆ ಕೂರುವುದು ಹತ್ತು ನ್ಯಾನೊಕೂಲಂಬಿನ ಆಸುಪಾಸು, ಅಂದರೆ ಒಂದು ಕೂಲಂಬನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಕೇಳಲು ಏನೂ ಅಲ್ಲ. ಎಲೆಕ್ಟ್ರಾನ್ ಲೆಕ್ಕದಲ್ಲಿ ಹೇಳಿದರೆ ಅದೇ 6,000 ಕೋಟಿಗೂ ಮಿಕ್ಕಿ. ಹಾಗೆಂದು ಬಾಚಣಿಗೆಯಲ್ಲಿ ಮೊದಲೇ ಇರುವ ಎಲೆಕ್ಟ್ರಾನಿನ ಮುಂದೆ ಇದು ಲೆಕ್ಕಕ್ಕೇ ಬಾರದು. ನೂರು ಲಕ್ಷ ಕೋಟಿ ಎಲೆಕ್ಟ್ರಾನಿಗೆ ಒಂದು ಹೆಚ್ಚಾಯಿತು, ಅಷ್ಟಕ್ಕೇ ಪೇಪರ್ ಹಾರುತ್ತದೆ.

ಪೇಪರ್ ಹಾರುವುದರಲ್ಲೂ ಒಂದು ತೊಡಕಿದೆ. ಪೇಪರಿನಲ್ಲಿ ಚಾರ್ಜಿನ ಲೆಕ್ಕ ಸೊನ್ನೆ. ನಾವದನ್ನು ತಿಕ್ಕಿಲ್ಲ, ಮುಟ್ಟಿಲ್ಲ. ಸೊನ್ನೆಯನ್ನು ಸೆಳೆಯುವುದು ಹೇಗೆ? ಋಣ ಚಾರ್ಜಿನ ಬಾಚಣಿಗೆ ಹತ್ತಿರ ಬಂದಾಗ ಪೇಪರಿನ ಒಳಗಿನ ಎಲೆಕ್ಟ್ರಾನ್‌ಗಳು ಒಂದು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ, ತಮ್ಮ ಪರಮಾಣುವಿನೊಳಗೇ, ಆಚೆಗೆ ಸರಿಯುತ್ತವೆ. ಬಾಚಣಿಗೆಯ ಕಡೆಯ ಮುಖ ತುಸು ಧನವಾಗುತ್ತದೆ, ಆಚೆಯ ಮುಖ ತುಸು ಋಣ. ಹತ್ತಿರದ ಧನಕ್ಕೆ ಸೆಳೆತ, ದೂರದ ಋಣಕ್ಕೆ ತಳ್ಳಾಟ. ಹತ್ತಿರದ್ದಕ್ಕೆ ಬಲ ಜಾಸ್ತಿ, ಸೆಳೆತ ಗೆಲ್ಲುತ್ತದೆ. ಇದಕ್ಕೆ ಪ್ರೇರಣೆ ಎನ್ನುತ್ತಾರೆ.

ಈ ಪ್ರಯೋಗವನ್ನು ಅವಸರ ಮಾಡದೆ, ಒಣ ಹವೆಯ ದಿನ, ಕಣ್ಣು ಹತ್ತಿರ ಇಟ್ಟು ನೋಡಬೇಕು. ಚೂರು ಹಾರಿ ಬಾಚಣಿಗೆಯ ಹಲ್ಲಿಗೆ ಅಂಟುತ್ತದೆ. ತುದಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಒಂದೆರಡು ಕ್ಷಣ ಬಿಟ್ಟು ಯಾರೋ ಚಿಮ್ಮಿದ ಹಾಗೆ ಪಟ್ಟನೆ ಹಾರಿ ಬೀಳುತ್ತದೆ. ಅಂಟಿಕೊಂಡಿದ್ದಾಗ ಬಾಚಣಿಗೆಯ ಎಲೆಕ್ಟ್ರಾನ್‌ಗಳು ಒಂದಿಷ್ಟು ಅದಕ್ಕೂ ಹತ್ತಿದವು. ಈಗ ಎರಡೂ ಋಣ, ಎರಡೂ ಒಂದೇ ಜಾತಿ. ಸೆಳೆದದ್ದೇ ಈಗ ತಳ್ಳುತ್ತದೆ. ಹೆಚ್ಚಿನವರು ಅಂಟಿದ್ದು ನೋಡಿ ಎದ್ದುಬಿಡುತ್ತಾರೆ. ಆಟ ಇರುವುದು ಆಮೇಲೆ.

ತೇವದ ಕಿತಾಪತಿ

ಜುಲೈನ ಕಾರವಾರದಲ್ಲಿ ಆಗುವುದೇನು? ‘ಗಾಳಿಯಲ್ಲಿ ನೀರಿದೆ, ನೀರು ಕರೆಂಟನ್ನು ಹರಿಸುತ್ತದೆ, ಅದಕ್ಕೆ ಚಾರ್ಜ್ ಗಾಳಿಗೆ ಹೋಯಿತು’ ಎಂದು ಹೇಳುವುದುಂಟು. ಅರ್ಧ ಸರಿ. ತೇವದ ಗಾಳಿ ಅಂಥ ಒಳ್ಳೆಯ ವಾಹಕವೇನಲ್ಲ. ಸೋರಿಕೆ ನಡೆಯುವುದು ವಸ್ತುವಿನ ಮೈಮೇಲೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಬಾಚಣಿಗೆ, ಕೂದಲು, ಪೇಪರ್ ಎಲ್ಲದರ ಮೇಲೂ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ಆ ನೀರಿನಲ್ಲಿ ಉಪ್ಪು, ಬೆವರು, ಕೊಳೆ ಕರಗಿ ಓಡಾಡುವ ಅಯಾನ್‌ಗಳಾಗುತ್ತವೆ, ಅಂದರೆ ಚಾರ್ಜ್ ಹೊತ್ತ ಕಣಗಳು. ಕಡಲಂಚಿನಲ್ಲಿ ಉಪ್ಪಿಗೆ ಬರವೇ? ಬಾಚಿದಾಗ ಬಂದ ಚಾರ್ಜ್ ಈ ಪೊರೆಯ ಮೇಲೆ ಹರಿದು ನಿಮ್ಮ ಕೈಗೆ, ಕೈಯಿಂದ ಮೈಗೆ, ಮೈಯಿಂದ ನೆಲಕ್ಕೆ ಹೋಗಿಬಿಡುತ್ತದೆ. ಚಾರ್ಜ್ ಬಂದದ್ದು ನಿಜ. ನಿಲ್ಲಲಿಲ್ಲ, ಅಷ್ಟೇ.

ಇದೇ ಕಿತಾಪತಿ ದೊಡ್ಡ ಪ್ರಮಾಣದಲ್ಲಿ ನಡೆಯುವುದನ್ನು ನೋಡಬೇಕಾದರೆ ಕರಾವಳಿಯ ಕರೆಂಟ್ ಕಂಬದ ಹತ್ತಿರ ಕಿವಿ ಕೊಡಿ, ದೂರದಿಂದಲೇ. ಮಂಜು ಬಿದ್ದ ರಾತ್ರಿ ಅಥವಾ ಜುಮುರು ಮಳೆ ಶುರುವಾದಾಗ ಕೆಲವು ಕಂಬಗಳ ತುದಿಯಲ್ಲಿ ಚರ್ ಚರ್ ಸದ್ದು. ಕೆಲವು ಸಲ ನೀಲಿ ಮಿಣುಕು. ತಂತಿಯನ್ನು ಹಿಡಿದಿರುವ ಪಿಂಗಾಣಿ ಇನ್ಸುಲೇಟರ್ ಮೂಲತಃ ಚಾರ್ಜನ್ನು ಹರಿಯಲು ಬಿಡುವುದೇ ಇಲ್ಲ. ಪಿಂಗಾಣಿಯ ಎಲೆಕ್ಟ್ರಾನ್‌ಗಳು ತಮ್ಮ ತಮ್ಮ ಪರಮಾಣುವಿಗೆ ಅಂಟಿಕೊಂಡಿರುತ್ತವೆ. ಆದರೆ ಕಡಲ ಗಾಳಿ ತಿಂಗಳುಗಟ್ಟಲೆ ಅದರ ಮೈಗೆ ಉಪ್ಪು ಬಳಿದಿರುತ್ತದೆ. ಒಣಗಿದ ಉಪ್ಪು ಏನೂ ಮಾಡುವುದಿಲ್ಲ. ಅದಕ್ಕೆ ಚೂರು ತೇವ ತಾಗಿದ್ದೇ ಪಿಂಗಾಣಿಯ ಮೈಯೇ ದಾರಿಯಾಗುತ್ತದೆ. ತಮಾಷೆಯೆಂದರೆ ಜಡಿಮಳೆ ಬಂದರೆ ಉಪ್ಪು ತೊಳೆದುಹೋಗಿ ಎಲ್ಲ ಸರಿಯಾಗುತ್ತದೆ. ತೊಂದರೆ ಕೊಡುವುದು ಅರೆಬರೆ ತೇವ. ಆ ಇನ್ಸುಲೇಟರ್‌ಗೆ ಒಂದರ ಕೆಳಗೊಂದು ಕೊಡೆಯಂಥ ಅಂಚುಗಳಿರುತ್ತವಲ್ಲ, ಅದು ಚೆಂದಕ್ಕಲ್ಲ. ಮೈಮೇಲೆ ಹರಿಯುವ ಚಾರ್ಜಿಗೆ ದಾರಿ ಉದ್ದವಾಗಲಿ, ಕೊಡೆಯ ಅಡಿಭಾಗವಾದರೂ ಒಣಗಿರಲಿ ಎಂದು.

ಚಾರ್ಜ್ ಹರಿಯಲು ಬಿಡುವುದು ವಾಹಕ, ಬಿಡದಿರುವುದು ಅವಾಹಕ. ತಾಮ್ರ, ಅಲ್ಯುಮಿನಿಯಂನಲ್ಲಿ ಪ್ರತಿ ಪರಮಾಣುವಿನ ಒಂದೆರಡು ಎಲೆಕ್ಟ್ರಾನ್‌ಗಳು ಯಾರಿಗೂ ಸೇರದೆ ಇಡೀ ಲೋಹದಲ್ಲಿ ಅಲೆಯುತ್ತಿರುತ್ತವೆ. ಪ್ಲಾಸ್ಟಿಕ್, ಗಾಜು, ಪಿಂಗಾಣಿಯಲ್ಲಿ ಅಂಥ ಬಿಡಾಡಿಗಳಿಲ್ಲ. ನೀರಿನಲ್ಲಿ ಹರಿಯುವುದು ಎಲೆಕ್ಟ್ರಾನ್ ಅಲ್ಲ, ಅಯಾನ್‌ಗಳು. ಶುದ್ಧ ನೀರು ಬಹಳ ಬಡ ವಾಹಕ. ಉಪ್ಪು ಬಿದ್ದರೆ ಕಥೆಯೇ ಬೇರೆ. ಮನೆ ಕಟ್ಟುವಾಗ ಅರ್ಥಿಂಗ್ ಗುಂಡಿಗೆ ಇದ್ದಿಲು ಮತ್ತು ಉಪ್ಪನ್ನು ಒಂದರ ಮೇಲೊಂದು ಸುರಿಯುವುದು ಈ ಕಾರಣಕ್ಕೆ. ಇದ್ದಿಲು ತೇವ ಹಿಡಿಯುತ್ತದೆ, ಉಪ್ಪು ಅಯಾನ್ ಕೊಡುತ್ತದೆ, ಬೇಡದ ಚಾರ್ಜಿಗೆ ನೆಲಕ್ಕೆ ಹೋಗುವ ದಾರಿ ಸಲೀಸಾಗುತ್ತದೆ. ನಮ್ಮ ಚಿರೆಕಲ್ಲು ನೆಲ ಏಪ್ರಿಲ್, ಮೇನಲ್ಲಿ ಒಣಗಿ ಕೂತಾಗ ಆ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ ಎಂದು ಎಲೆಕ್ಟ್ರಿಷಿಯನ್ ಹೇಳುವುದು ಸುಮ್ಮನೆ ಅಲ್ಲ.

ಒಂದು ಗ್ರಾಂ ಉಪ್ಪು

ಉಪ್ಪಿನ ಮಾತು ಬಂದಿತು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದವರಿಗೆ ಗೊತ್ತು, ಉಪ್ಪುನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಬಿಟ್ಟರೆ ಹರಳು ಕಟ್ಟುತ್ತದೆ. ಹರಳಿನೊಳಗೆ ಸೋಡಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಧನವಾಗಿದೆ. ಕ್ಲೋರಿನ್ ಅದನ್ನು ಪಡೆದು ಋಣವಾಗಿದೆ. ಎರಡೂ ಕೈ ಹಿಡಿದುಕೊಂಡು ಸಾಲಾಗಿ ನಿಂತದ್ದೇ ಉಪ್ಪಿನ ಹರಳು. ಅದನ್ನು ನಾವು ಬೆರಳಲ್ಲಿ ಹಿಡಿದು ಸಾರಿಗೆ ಹಾಕುತ್ತೇವೆ, ಶಾಕ್ ಹೊಡೆಯುವುದಿಲ್ಲ. ಲೆಕ್ಕ ಸೊನ್ನೆ.

ಆ ಸೊನ್ನೆಯ ಹಿಂದೆ ಎಷ್ಟು ಅಡಗಿದೆ ಎಂದು ನೋಡಲು ಒಂದು ಲೆಕ್ಕ ಮಾಡೋಣ. ಫ್ರಾನ್ಸಿನ ಕೂಲಂಬ್ 1785ರಲ್ಲಿ ಒಂದು ತೆಳು ತಂತಿ ಎಷ್ಟು ತಿರುಚಿಕೊಳ್ಳುತ್ತದೆ ಎಂದು ಅಳೆದು ಕಂಡುಹಿಡಿದ ನಿಯಮ ಇದು: ಎರಡು ಚಾರ್ಜುಗಳ ನಡುವಿನ ಬಲ ಅವೆರಡರ ಗುಣಲಬ್ಧಕ್ಕೆ ತಕ್ಕಂತೆ ಹೆಚ್ಚುತ್ತದೆ, ನಡುವಿನ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ದೂರ ಎರಡು ಪಟ್ಟಾದರೆ ಬಲ ಕಾಲು ಭಾಗ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು.

ಒಂದು ಗ್ರಾಂ ಉಪ್ಪಿನಲ್ಲಿರುವ ಸೋಡಿಯಂ ಅಯಾನ್‌ಗಳನ್ನೆಲ್ಲ ಒಟ್ಟು ಮಾಡಿದರೆ ಸುಮಾರು 1,650 ಕೂಲಂಬ್ ಧನ ಚಾರ್ಜ್. ಕ್ಲೋರಿನಿನ ಕಡೆ ಅಷ್ಟೇ ಋಣ. ಹೇಗೋ ಮಾಡಿ ಎರಡನ್ನೂ ಬೇರ್ಪಡಿಸಿದೆವು ಎಂದುಕೊಳ್ಳಿ. ಸೋಡಿಯಂ ಎಲ್ಲ ಕಾರವಾರದಲ್ಲಿ, ಕ್ಲೋರಿನ್ ಎಲ್ಲ ಭಟ್ಕಳದಲ್ಲಿ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ನಡುವೆ ಸುಮಾರು 100 ಕಿ.ಮೀ. ಅಷ್ಟು ದೂರದಿಂದಲೂ ಅವು ಒಂದನ್ನೊಂದು ಸೆಳೆಯುವ ಬಲ ಹೆಚ್ಚುಕಡಿಮೆ 250 ಟನ್ ತೂಕದಷ್ಟು. ಒಂದು ಗ್ರಾಂ ಉಪ್ಪು, ನೆನಪಿರಲಿ. ಒಂದು ಚಿಟಿಕೆ. ಒಂದು ಕಿ.ಮೀ. ದೂರಕ್ಕೆ ತಂದರೆ ದೂರ ನೂರರಲ್ಲಿ ಒಂದಾಗಿ ಬಲ ಹತ್ತು ಸಾವಿರ ಪಟ್ಟು ಏರುತ್ತದೆ, 25 ಲಕ್ಷ ಟನ್. ಇಂಥ ಬೇರ್ಪಡಿಕೆ ಯಾರಿಂದಲೂ ಆಗದು. ಪ್ರಕೃತಿ ಚಾರ್ಜನ್ನು ಹೀಗೆ ಜೋಡಿ ಜೋಡಿಯಾಗಿ ಬಿಗಿದಿಟ್ಟಿರುವುದರಿಂದಲೇ ನಮಗೆ ದಿನನಿತ್ಯ ಗುರುತ್ವಾಕರ್ಷಣೆ ದೊಡ್ಡದಾಗಿ ಕಾಣುತ್ತದೆ. ಒಂದು ಪ್ರೋಟಾನ್ ಮತ್ತು ಒಂದು ಎಲೆಕ್ಟ್ರಾನ್ ನಡುವಿನ ವಿದ್ಯುತ್ ಸೆಳೆತ ಅವೆರಡರ ಗುರುತ್ವ ಸೆಳೆತಕ್ಕಿಂತ 2ರ ಮುಂದೆ 39 ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚು. ಆದರೂ ತೆಂಗಿನಕಾಯಿ ಬೀಳುವುದು ಭೂಮಿಯ ಕಡೆಗೇ. ಗುರುತ್ವದಲ್ಲಿ ಮೈನಸ್ ಇಲ್ಲ, ಎಲ್ಲ ಕೂಡುತ್ತಲೇ ಹೋಗುತ್ತದೆ. ಚಾರ್ಜಿನಲ್ಲಿ ಪ್ಲಸ್ಸೂ ಮೈನಸ್ಸೂ ಹೊಡೆದುಹೋಗುತ್ತವೆ.

ಚಾರ್ಜಿಗೆ ಇನ್ನೊಂದು ಗುಣವಿದೆ. ಅದು ಬಿಡಿಬಿಡಿಯಾಗಿಯೇ ಸಿಗುತ್ತದೆ. ಒಂದು ಎಲೆಕ್ಟ್ರಾನಿನಷ್ಟು, ಎರಡರಷ್ಟು, ಮೂರರಷ್ಟು. ಒಂದೂವರೆ ಎಂಬುದಿಲ್ಲ. ಅಮೆರಿಕದ ಮಿಲಿಕನ್ 1909ರಿಂದ ಶುರು ಮಾಡಿ ಕೆಲವು ವರ್ಷ ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ಎರಡು ಲೋಹದ ತಟ್ಟೆಗಳ ನಡುವೆ ತೇಲಿಸಿ ಇದನ್ನು ಅಳೆದ. ಕೆಳಗೆಳೆಯುವ ತೂಕಕ್ಕೆ ಸರಿಯಾಗಿ ಮೇಲೆತ್ತುವ ವಿದ್ಯುತ್ ಬಲ ಎಷ್ಟು ಬೇಕು ಎಂದು ನೋಡಿದರೆ ಹನಿಯ ಮೇಲಿನ ಚಾರ್ಜ್ ಗೊತ್ತಾಗುತ್ತದೆ. ಯಾವ ಹನಿ ನೋಡಿದರೂ ಒಂದೇ ಸಣ್ಣ ಮೊತ್ತದ ಪೂರ್ಣ ಗುಣಕ. 2019ರಿಂದ ಆ ಮೊತ್ತವನ್ನು 1.602176634 × 10⁻¹⁹ ಕೂಲಂಬ್ ಎಂದು ಅಂತರರಾಷ್ಟ್ರೀಯ ಅಳತೆ ಪದ್ಧತಿಯಲ್ಲಿ ಖಾಯಂ ಮಾಡಿದ್ದಾರೆ. ಪ್ರೋಟಾನಿನೊಳಗಿನ ಕ್ವಾರ್ಕ್‌ಗಳಿಗೆ ಇದರ ಮೂರರಲ್ಲಿ ಒಂದು, ಮೂರರಲ್ಲಿ ಎರಡು ಪಾಲಿನ ಚಾರ್ಜ್ ಇದೆ ನಿಜ. ಆದರೆ ಅವು ಒಂಟಿಯಾಗಿ ಹೊರಗೆ ಬರುವುದಿಲ್ಲ.

ಕೈಗಾದೊಳಗೂ ಅದೇ ಲೆಕ್ಕ

ಚಾರ್ಜ್ ಹುಟ್ಟುವುದಿಲ್ಲ, ಸಾಯುವುದಿಲ್ಲ ಎಂದು ಹೇಳಿದೆ. ತಿಕ್ಕಾಟಕ್ಕೆ ಈ ಮಾತು ಸರಿ, ಪರಮಾಣುವೇ ಬದಲಾಗುವ ಜಾಗದಲ್ಲಿ? ಅಂಥ ಜಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ. ಕಾಳಿ ನದಿಯ ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಅಲ್ಲಿ ಬಳಸುವುದು ಭಾರಜಲ, ಅಂದರೆ ಹೈಡ್ರೋಜನ್ನಿನ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನಿನ ಜೊತೆ ಒಂದು ನ್ಯೂಟ್ರಾನೂ ಇರುವ ನೀರು. ಭಾರಜಲದ ಹೈಡ್ರೋಜನ್‌ಗೆ ಇನ್ನೊಂದು ನ್ಯೂಟ್ರಾನ್ ತಗುಲಿಕೊಂಡರೆ ಅದು ಟ್ರಿಟಿಯಂ ಆಗುತ್ತದೆ. ಟ್ರಿಟಿಯಂನ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್, ಅಂದರೆ ಚಾರ್ಜ್ ಪ್ಲಸ್ ಒಂದು. ಇದು ಸ್ಥಿರವಲ್ಲ. ಸುಮಾರು 12 ವರ್ಷಕ್ಕೆ ಅರ್ಧದಷ್ಟು ಹೀಲಿಯಂ ಆಗಿ ಬದಲಾಗುತ್ತದೆ. ಬದಲಾಗುವಾಗ ಒಂದು ನ್ಯೂಟ್ರಾನ್ ಹೋಗಿ ಪ್ರೋಟಾನ್ ಆಗುತ್ತದೆ, ನ್ಯೂಕ್ಲಿಯಸ್ ಈಗ ಪ್ಲಸ್ ಎರಡು. ಒಂದು ಹೆಚ್ಚಾಯಿತಲ್ಲ? ಅದೇ ಗಳಿಗೆಯಲ್ಲಿ ಒಂದು ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ, ಮೈನಸ್ ಒಂದು. ಜೊತೆಗೆ ಹೊರಡುವ ಅತಿ ಸಣ್ಣ ಕಣ ಆ್ಯಂಟಿನ್ಯೂಟ್ರಿನೊಗೆ ಚಾರ್ಜ್ ಇಲ್ಲ. ಕೂಡಿಸಿ ನೋಡಿ, ಮೊದಲಿನ ಪ್ಲಸ್ ಒಂದೇ.

ಇನ್ನೂ ವಿಚಿತ್ರದ್ದಿದೆ. ಸಾಕಷ್ಟು ಶಕ್ತಿಯ ಗಾಮಾ ಕಿರಣ (ಇದೂ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕೇ) ಭಾರದ ನ್ಯೂಕ್ಲಿಯಸ್ಸಿನ ಹತ್ತಿರ ಹಾದುಹೋಗುವಾಗ ತಾನೇ ಮಾಯವಾಗಿ ಒಂದು ಎಲೆಕ್ಟ್ರಾನ್, ಅದರಂತೆಯೇ ಇದ್ದು ಧನ ಚಾರ್ಜಿನ ಒಂದು ಪಾಸಿಟ್ರಾನ್ ಆಗಿಬಿಡುತ್ತದೆ. ಬೆಳಕಿನಿಂದ ಚಾರ್ಜಿನ ಕಣ! ಇಲ್ಲಿ ಕಣ ಹುಟ್ಟಿದ್ದು ನಿಜ. ಆದರೆ ಅವಳಿಯಾಗಿ ಹುಟ್ಟಿತು, ಒಂದು ಮೈನಸ್, ಒಂದು ಪ್ಲಸ್. ಮೈನಸ್ ಒಂಟಿಯಾಗಿ ಹುಟ್ಟಿದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಹಾಗಾಗಿ ನಿಯಮವನ್ನು ಬಿಗಿಯಾಗಿ ಹೇಳುವುದಾದರೆ, ಬದಲಾಗದೆ ಉಳಿಯುವುದು ಪ್ಲಸ್ ಮೈನಸ್ ಕೂಡಿಸಿದ ಮೊತ್ತ.

ಇಷ್ಟು ತಿಳಿದ ಮೇಲೆ ‘ಫೋನ್ ಚಾರ್ಜ್ ಮಾಡುವುದು’ ಎಂಬ ಮಾತು ಸ್ವಲ್ಪ ತಮಾಷೆಯಾಗಿ ಕೇಳುತ್ತದೆ. ಫುಲ್ ಚಾರ್ಜ್ ಆದ ಬ್ಯಾಟರಿಯಲ್ಲಿ ಚಾರ್ಜ್ ತುಂಬಿಲ್ಲ. ಖಾಲಿ ಬ್ಯಾಟರಿಯಲ್ಲೂ ತುಂಬಿದ ಬ್ಯಾಟರಿಯಲ್ಲೂ ಮೊತ್ತ ಸೊನ್ನೆಯೇ. ಚಾರ್ಜರ್ ಮಾಡುವ ಕೆಲಸ ಬ್ಯಾಟರಿಯ ಒಂದು ಧ್ರುವದಿಂದ ಎಲೆಕ್ಟ್ರಾನ್ ತೆಗೆದು ಇನ್ನೊಂದಕ್ಕೆ ದೂಡುವುದು. ಒಳಗೆ ಲಿಥಿಯಂ ಅಯಾನ್‌ಗಳೂ ಅದೇ ಕಡೆಗೆ ಸರಿದು ಲೆಕ್ಕ ಸರಿದೂಗಿಸುತ್ತವೆ. ತುಂಬಿದ್ದು ಶಕ್ತಿ. ತಂತಿಯಲ್ಲೂ ಹಾಗೇ. ಸ್ವಿಚ್ ಹಾಕಿದಾಗ ಎಲೆಕ್ಟ್ರಾನ್ ಕಂಬದಿಂದ ಓಡೋಡಿ ಬಲ್ಬಿಗೆ ಬರುವುದಿಲ್ಲ. ತಂತಿಯಲ್ಲಿ ಅವು ಸರಿಯುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರೂ ಇರುವುದಿಲ್ಲ. ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಮೊದಲೇ ನೀರು ತುಂಬಿದ್ದರೆ ವಾಲ್ವ್ ತಿರುಗಿಸಿದ ಕೂಡಲೇ ಆ ತುದಿಯಲ್ಲಿ ಚಿಮ್ಮುತ್ತದಲ್ಲ, ಹಾಗೆ ಇಡೀ ತಂತಿಯ ಎಲೆಕ್ಟ್ರಾನ್‌ಗಳು ಒಟ್ಟಿಗೇ ಅಲುಗುತ್ತವೆ.

5,000 ಎಂಎಎಚ್ ಬ್ಯಾಟರಿಯ ಫೋನನ್ನು ಪೂರ್ತಿ ಚಾರ್ಜ್ ಮಾಡುವಾಗ ಹೀಗೆ ಆಚೀಚೆಯಾಗುವ ಚಾರ್ಜ್ 18,000 ಕೂಲಂಬ್. ಸಾಮಾನ್ಯ ಸಿಡಿಲೊಂದು ನೆಲಕ್ಕೆ ಇಳಿಸುವ ಚಾರ್ಜ್ ಎಷ್ಟು ಗೊತ್ತಾ? 15ರಿಂದ 20 ಕೂಲಂಬ್.

ಸಿಡಿಲಿಗೆ ಬಲ ಎಲ್ಲಿಂದ?

ಸಿಡಿಲಿನ ದರ್ಪ ಚಾರ್ಜಿನ ಪ್ರಮಾಣದಲ್ಲಿಲ್ಲ. ಅದನ್ನು ತಳ್ಳುವ ವೋಲ್ಟೇಜಿನಲ್ಲಿದೆ ಮತ್ತು ಇಳಿಯುವ ಅವಸರದಲ್ಲಿದೆ. ಫೋನಿನಲ್ಲಿ ಒಂದೆರಡು ತಾಸು ಹಿಡಿಯುವ ವ್ಯವಹಾರವನ್ನು ನಾಲ್ಕೈದು ವೋಲ್ಟ್ ಮಾಡಿ ಮುಗಿಸುತ್ತದೆ. ಸಿಡಿಲಿನ ಹಿಂದೆ ಕೋಟಿಗಟ್ಟಲೆ ವೋಲ್ಟ್ ಇರುತ್ತದೆ, ಮುಖ್ಯ ಹೊಡೆತ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಆ ಹೊತ್ತಿನಲ್ಲಿ ಸುಮಾರು 30,000 ಆಂಪಿಯರ್ ಹರಿದು, ದಾರಿಯ ಗಾಳಿ 30,000 ಡಿಗ್ರಿಯವರೆಗೆ ಕಾಯುತ್ತದೆ. ಕಾದ ಗಾಳಿ ಸ್ಫೋಟಿಸಿದ ಸದ್ದೇ ಗುಡುಗು.

ಮೋಡದಲ್ಲಿ ಬಾಚಣಿಗೆಯ ಕೆಲಸ ಮಾಡುವುದು ಮಂಜುಗಡ್ಡೆ. ಎತ್ತರದ ಮೋಡದೊಳಗೆ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿರುವ ಪದರದಲ್ಲಿ ಹಗುರ ಮಂಜಿನ ಹರಳುಗಳು ಗಾಳಿಯ ಜೊತೆ ಮೇಲೇರುತ್ತಿರುತ್ತವೆ. ಮೆತ್ತನೆಯ ಆಲಿಕಲ್ಲಿನಂಥ ಉಂಡೆಗಳು ಕೆಳಗಿಳಿಯುತ್ತಿರುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆದಾಗ ಸಾಮಾನ್ಯವಾಗಿ ಉಂಡೆ ಋಣವಾಗುತ್ತದೆ, ಹರಳು ಧನವಾಗಿ ಮೇಲೆ ಹೋಗುತ್ತದೆ. ಮೋಡದ ಕೆಳಭಾಗದಲ್ಲಿ ಋಣ ಒಟ್ಟುಗೂಡುತ್ತದೆ. ಅದು ಕೆಳಗಿನ ನೆಲದ ಎಲೆಕ್ಟ್ರಾನ್‌ಗಳನ್ನು ದೂರ ತಳ್ಳಿ ನೆಲದ ಮೇಲ್ಮೈಯನ್ನು ಧನ ಮಾಡುತ್ತದೆ. ಪೇಪರ್ ಚೂರಿಗಾದ ಪ್ರೇರಣೆಯೇ, ಈ ಸಲ ಊರಿಗೆ ಊರೇ. ಒಣ ಗಾಳಿ ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್‌ವರೆಗೆ ತಡೆದೀತು. ಅದಕ್ಕೂ ಮೀರಿದರೆ ಗಾಳಿಯೇ ಒಡೆದು ದಾರಿ ಬಿಡುತ್ತದೆ. ಜನವರಿಯ ರಾತ್ರಿ ಶಿರಸಿಯಲ್ಲಿ ಪಾಲಿಸ್ಟರ್ ರಗ್ಗು ಕೊಡವಿದಾಗ ಕತ್ತಲಲ್ಲಿ ಚಿಟಪಟ ಕಿಡಿ ಕಾಣುವುದೂ ಇದೇ. ಒಂದು ಮಿಲಿಮೀಟರ್ ಕಿಡಿಗೆ ಸುಮಾರು 3,000 ವೋಲ್ಟ್ ಬೇಕು. ಮನೆಯ ಪ್ಲಗ್ಗಿನ 230 ವೋಲ್ಟಿಗಿಂತ ಹತ್ತು ಪಟ್ಟು ಜಾಸ್ತಿ, ಆದರೂ ನಾವು ಬದುಕಿದ್ದೇವೆ. ಹರಿಯುವ ಚಾರ್ಜ್ ಅಷ್ಟು ಕಡಿಮೆ.

ಕರಾವಳಿಯಲ್ಲಿ ಮಳೆ ಜೋರಿದ್ದಾಗ ಗುಡುಗು ಕಡಿಮೆ, ಮಳೆ ಬಿಡಿಬಿಡಿಯಾಗಿದ್ದಾಗ ಜಾಸ್ತಿ ಎಂಬುದನ್ನು ಹಿರಿಯರು ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಭರಣಿ, ಕೃತ್ತಿಕೆಯ ಮಳೆಗೆ ಗುಡುಗು, ಆರ್ದ್ರೆಗೆ ಬರೀ ಸುರಿತ, ಚಿತ್ತೆ, ಸ್ವಾತಿಗೆ ಮತ್ತೆ ಗುಡುಗು. ಕಾರಣ ಮೋಡದ ಎತ್ತರ. ಮೇ ತಿಂಗಳಲ್ಲಿ ಕಾದ ನೆಲದಿಂದ ಗಾಳಿ ರಭಸವಾಗಿ ಏರಿ ಮೋಡ ಗೋಪುರದಂತೆ ಬೆಳೆಯುತ್ತದೆ, ಒಳಗೆ ಮಂಜಿನ ಡಿಕ್ಕಿ ಜೋರು. ಜೂನ್, ಜುಲೈನಲ್ಲಿ ಘಟ್ಟಕ್ಕೆ ಬಡಿದು ಸುರಿಯುವ ಮೋಡಗಳು ಹೆಚ್ಚಾಗಿ ಕುಳ್ಳು. ನೀರಿನ ಹನಿಗಳೇ ಕೂಡಿ ದೊಡ್ಡದಾಗಿ ಬೀಳುತ್ತವೆ, ಮಂಜಿನ ಉಂಡೆಗೆ ಅವಕಾಶ ಕಡಿಮೆ. ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ. ಗುಡುಗಿನ ಮೇ ಮತ್ತು ಅಕ್ಟೋಬರಿನಲ್ಲಿ ಬೋಟುಗಳು ಕಡಲಲ್ಲೇ ಇರುತ್ತವೆ. ಬಯಲು ಕಡಲಲ್ಲಿ ಸಣ್ಣ ದೋಣಿಯ ಮೇಲೆ ನಿಂತ ಮನುಷ್ಯನೇ ಎತ್ತರದ ವಸ್ತು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಹೊರಡುವ ಮೊದಲು ನೋಡಿಕೊಂಡರೆ ನಷ್ಟವಿಲ್ಲ.

ಸಿಡಿಲಿಗೆ ಬಸ್ಸಿನೊಳಗೆ ಕೂರುವುದು ಸುರಕ್ಷಿತ ಎಂಬುದಕ್ಕೆ ಟೈರಿನ ರಬ್ಬರ್ ಕಾರಣ ಎಂದು ಹೇಳುವವರು ಬಹಳ. ಕಿಲೋಮೀಟರುಗಟ್ಟಲೆ ಗಾಳಿ ಸೀಳಿ ಬಂದ ಸಿಡಿಲು ಒಂದಡಿ ರಬ್ಬರಿಗೆ ಹೆದರೀತೇ? ಕಾಪಾಡುವುದು ಲೋಹದ ಮೈ. ಲೋಹದಲ್ಲಿ ಒಂದೇ ಜಾತಿಯ ಚಾರ್ಜುಗಳು ಒಂದನ್ನೊಂದು ತಳ್ಳಿಕೊಂಡು ಸಾಧ್ಯವಾದಷ್ಟು ದೂರ ಹೋಗುತ್ತವೆ, ಅಂದರೆ ಹೊರಮೈಗೆ. ಒಳಗೆ ಉಳಿಯುವುದಿಲ್ಲ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1836ರಲ್ಲಿ ಕೋಣೆಯೊಂದಕ್ಕೆ ಲೋಹದ ಹೊದಿಕೆ ಹಾಕಿಸಿ, ಹೊರಗಿನಿಂದ ಕಿಡಿ ಹಾರಿಸುತ್ತಿರುವಾಗ ತಾನು ಒಳಗೆ ಕೂತು ಇದನ್ನು ತೋರಿಸಿದ. ಬಸ್ಸಿನಲ್ಲೂ ಚಾರ್ಜ್ ಹೊರಮೈಯ ತಗಡಿನ ಮೇಲೆ ಹರಿದು ನೆಲ ಸೇರುತ್ತದೆ. ಕಿಟಕಿಯ ಸರಳು ಹಿಡಿಯದೆ ಕೂತರಾಯಿತು. ಬೈಕ್, ಆಟೋ, ಮರದ ಬುಡ ಇವಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರ್ ಖಾಲಿ ಮಾಡುವ ಮೊದಲು ಒಂದು ತಂತಿಯ ಕ್ಲಿಪ್ಪನ್ನು ಟ್ಯಾಂಕರಿಗೆ ಸಿಕ್ಕಿಸುವುದನ್ನು ನೋಡಿರಬಹುದು. ಪೈಪಿನಲ್ಲಿ ಹರಿಯುವ ಪೆಟ್ರೋಲೂ ತಿಕ್ಕಾಟದಿಂದ ಚಾರ್ಜ್ ಪಡೆಯುತ್ತದೆ. ಆ ತಂತಿ ಅದನ್ನು ಕಿಡಿಯಾಗುವ ಮೊದಲೇ ನೆಲಕ್ಕೆ ಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕಬಾರದು ಎನ್ನುವುದರ ಹಿಂದಿನ ಒಂದು ಕಾರಣವೂ ಇದೇ. ಪ್ಲಾಸ್ಟಿಕ್ಕಿನಿಂದ ಚಾರ್ಜಿಗೆ ಹೊರಹೋಗಲು ದಾರಿಯಿಲ್ಲ.

ಕೊನೆಯದಾಗಿ ಅಡಿಕೆ ತೋಟದವರಿಗೆ ಒಂದು ಮಾತು. ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಇಳಿಸುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೆಲದಲ್ಲೇ ನಿಂತು ಕೊನೆ ಇಳಿಸುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ಅಲ್ಯುಮಿನಿಯಂ ದೋಟಿ ಕರೆಂಟ್ ತಂತಿಗೆ ತಾಗಿದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್ಕಿನ ಹಾಗಿದೆ, ಹಗುರವಾಗಿದೆ, ಲೋಹವಲ್ಲ, ಹಾಗಾಗಿ ಹೆದರಿಕೆಯಿಲ್ಲ ಎಂದುಕೊಳ್ಳುವುದು ಸಹಜ. ಆದರೆ ಕಾರ್ಬನ್ ಎಳೆಗಳಲ್ಲಿ ಬಿಡಾಡಿ ಎಲೆಕ್ಟ್ರಾನ್‌ಗಳಿವೆ, ಅದು ವಾಹಕ. ಗಾಜಿನ ಎಳೆಯ ಫೈಬರ್ ಗ್ಲಾಸ್ ಅವಾಹಕ, ಅದೂ ಒಣಗಿ ಸ್ವಚ್ಛವಾಗಿರುವವರೆಗೆ ಮಾತ್ರ. ಮಳೆಯಲ್ಲಿ ತೊಯ್ದ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮೆತ್ತಿದ ದೋಟಿಯ ಮೇಲೆ ಪಿಂಗಾಣಿಯ ಮೈಮೇಲಾದದ್ದೇ ಆಗುತ್ತದೆ. ಗಾಳಿ ಬಂದಾಗ ದೋಟಿಯ ತುದಿ ಎತ್ತ ವಾಲೀತು ಎಂದು ಹೇಳಲಾಗುವುದಿಲ್ಲ. ತಂತಿ ಹಾದುಹೋಗುವ ಸಾಲಿನ ಮರಗಳ ಕೊನೆಯನ್ನು ಲೈನ್ ಆಫ್ ಮಾಡಿಸಿಕೊಂಡೇ ಇಳಿಸಬೇಕು.